ಉಪವಾಸದ ದಿನ ಕಣ್ಣಿನ ವ್ರತ

ನಿತ್ಯದ ಕೆಲಸಕಾರ್ಯಗಳಲ್ಲಿಯೂ ದೇವರನ್ನು ಕಾಣಬೇಕೆಂಬ ಮಾತು ಲೋಕದಲ್ಲಿ ಪ್ರಸಿದ್ಧವಾಗಿದೆ. ಜೈನ ಶ್ರಾವಕನು ಈ ಮಾತನ್ನು ಹೇಗೆ ಗ್ರಹಿಸಬೇಕು? ಜಿನಮತದಲ್ಲಿ ಜಗತ್ತನ್ನು ಸೃಷ್ಟಿಸಿ ಆಳುವ ಈಶ್ವರನಿಲ್ಲ. ಅರಹಂತರೂ ಸಿದ್ಧರೂ ವೀತರಾಗರು. ಒಬ್ಬರಿಗೆ ಒಲಿದು ಇನ್ನೊಬ್ಬರಿಗೆ ಮುನಿಯುವವರಲ್ಲ. ಆದರೂ ದಿನಚರಿಯಲ್ಲಿ ಪರಮಾತ್ಮನ ಅರಿವಿಗೆ ಸ್ಥಾನವೇ ಇಲ್ಲವೆಂದು ಭಾವಿಸಲಾಗದು.

ಪೂಜ್ಯಪಾದಾಚಾರ್ಯರು ಸಮಾಧಿತಂತ್ರದಲ್ಲಿ ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂದು ಆತ್ಮನ ಮೂರು ಅವಸ್ಥೆಗಳನ್ನು ನಿರೂಪಿಸಿದ್ದಾರೆ. ಈ ಮೂರೂ ಬೇರೆ ಬೇರೆ ದ್ರವ್ಯಗಳಲ್ಲ. ಇರುವೆಯಲ್ಲಿರುವ ಜೀವಕ್ಕೂ ಸಿದ್ಧಶಿಲೆಯ ಜೀವಕ್ಕೂ ಚೈತನ್ಯಸ್ವಭಾವದಲ್ಲಿ ಭೇದವಿಲ್ಲ. ಭೇದವಿರುವುದು ಕರ್ಮದ ಆವರಣದಿಂದ. ಆದುದರಿಂದ ಕಾಲಬಳಿಯಲ್ಲಿರುವ ಜೀವವನ್ನು ಜೀವವೆಂದು ಕಂಡು ನಡೆಯುವುದೇ ಶ್ರಾವಕನಿಗೆ ನಿತ್ಯಜೀವನದಲ್ಲಿ ದೊರೆಯುವ ದೇವದರ್ಶನ.

ಈ ತತ್ತ್ವವು ವ್ರತಗಳಲ್ಲಿ ಹೇಗೆ ಅಡಗಿದೆ ಎಂಬುದಕ್ಕೆ ಪ್ರೋಷಧೋಪವಾಸವು ಉತ್ತಮ ನಿದರ್ಶನ. ಅಷ್ಟಮಿ ಚತುರ್ದಶಿಗಳಂದು ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿ, ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ಒಂದೇ ಹೊತ್ತು ಉಣ್ಣುವುದು ಇದರ ಕ್ರಮ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ. ನೋಡದೆ, ಗುಡಿಸದೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು, ಹಾಗೆಯೇ ವಸ್ತುಗಳನ್ನು ಎತ್ತಿಕೊಳ್ಳುವುದು, ಹಾಗೆಯೇ ಹಾಸಿಗೆಯನ್ನು ಹಾಸುವುದು, ಅನಾದರ, ವಿಸ್ಮೃತಿ. ಇವುಗಳಲ್ಲಿ ಒಂದಾದರೂ ಆಹಾರಕ್ಕೆ ಸಂಬಂಧಿಸಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಉಂಡರೆ ವ್ರತವೇ ಭಂಗವಾಗುತ್ತದೆ. ಉಣ್ಣದೆಯೂ ವ್ರತವು ಮಲಿನವಾಗುವ ಬಗೆಯನ್ನು ಸೂತ್ರವು ತೋರಿಸುತ್ತದೆ: ಮೊದಲ ಮೂರು ಕಣ್ಣಿನ ದೋಷಗಳು, ಕೊನೆಯ ಎರಡು ಮನಸ್ಸಿನ ದೋಷಗಳು.

ಜಂತುಗಳಿವೆಯೋ ಇಲ್ಲವೋ ಎಂದು ಕಣ್ಣಿನಿಂದ ಪರೀಕ್ಷಿಸುವುದು ಪ್ರತ್ಯವೇಕ್ಷಣ. ಮೃದುವಾದ ಉಪಕರಣದಿಂದ ಅವುಗಳನ್ನು ನೋಯಿಸದೆ ಸರಿಸುವುದು ಪ್ರಮಾರ್ಜನ. ಹಸಿವಿನಿಂದ ಬಳಲಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹವಳಿಯುವುದು ಅನಾದರ. ಈ ಅನಾದರ, ವಿಸ್ಮೃತಿಗಳೆರಡೂ ಸಾಮಾಯಿಕದ ಅತಿಚಾರಗಳಲ್ಲಿಯೂ ಸೇರಿವೆ.

ಉಪವಾಸದಂದು ಮನೆಯ ಆರಂಭಗಳನ್ನೂ ಬಿಡಬೇಕೆಂಬುದೇ ವಿಧಿ. ಆದರೆ ಎಳೆಯ ಮಕ್ಕಳೂ ವೃದ್ಧರೂ ಇರುವ ಮನೆಯ ಗೃಹಿಣಿಗೆ ಅದು ಪೂರ್ಣವಾಗಿ ಸಾಧ್ಯವಾಗದು. ಅವಳು ಒಲೆ ಹೊತ್ತಿಸುವ ಮುನ್ನ ಅದನ್ನು ನೋಡಿ ಒರೆಸಲಿ. ಎರಡು ಮಡಿಕೆಯ ಬಟ್ಟೆಯಲ್ಲಿ ನೀರನ್ನು ಸೋಸಲಿ. ಸೋಸಿದ ನೀರಿನ ಮರ್ಯಾದೆ 2 ಘಳಿಗೆ, ಎಂದರೆ 48 ನಿಮಿಷ ಮಾತ್ರವೆಂಬುದನ್ನು ಮರೆಯದಿರಲಿ. ಅಕ್ಕಿಯನ್ನು ಬೆಳಕಿನಲ್ಲಿ ಆರಿಸಲಿ. ಇವೆಲ್ಲವೂ ಪ್ರತ್ಯವೇಕ್ಷಣವೇ. ಇದಕ್ಕೆ ವಿರುದ್ಧವಾಗಿ, ನಿರಾಹಾರನಾಗಿದ್ದು ಹಸಿವಿನ ಸಿಟ್ಟನ್ನು ಸೊಸೆಯ ಮೇಲೋ ಆಳಿನ ಮೇಲೋ ತೀರಿಸಿಕೊಳ್ಳುವವನು ಲಂಘನ ಮಾಡಿದನೇ ಹೊರತು ಉಪವಾಸ ಮಾಡಲಿಲ್ಲ. ಇರುವೆಯನ್ನು ಕಂಡು ಸರಿದು ನಡೆದವನಿಗೆ ಎದುರಿಗಿರುವ ಮನುಷ್ಯನ ನೋವು ಕಾಣದಿದ್ದರೆ ಆ ದೃಷ್ಟಿಗೆ ಬೆಲೆಯೇನು?

ಇಲ್ಲಿ ರೋಗಿಗಳಿಗೂ ಒಂದು ಸಮಾಧಾನವಿದೆ. ಮಧುಮೇಹದಂತಹ ವ್ಯಾಧಿಯಿಂದಾಗಿ ಹೊತ್ತುಹೊತ್ತಿಗೆ ಔಷಧವನ್ನೂ ಅನ್ನವನ್ನೂ ಸೇವಿಸಲೇಬೇಕಾದ ಹಿರಿಯರು ಪರ್ವದಿನಗಳಲ್ಲಿ ತಮ್ಮ ವ್ರತ ತಪ್ಪಿತೆಂದು ಕೊರಗುವುದುಂಟು. ಹದಿನಾರು ಕಾರಣಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಶಕ್ತಿಗೆ ಅನುಸಾರವಾಗಿ ಎಂದೇ ವಿಧಿಸಲಾಗಿದೆ. ನಿರಾಹಾರವು ಅವರಿಗೆ ಅಶಕ್ಯವಾದರೂ, ನೋಡಿ ನಡೆಯುವುದು, ನೋಡಿ ಇಡುವುದು, ಆದರದಿಂದ ನುಡಿಯುವುದು, ವ್ರತವನ್ನು ನೆನೆಯುವುದು ಶಕ್ಯವೇ ಆಗಿವೆ. ದೃಷ್ಟಿ ಮಂದವಾದವರು ಮನೆಯ ಮಕ್ಕಳ ಕಣ್ಣನ್ನು ಆಶ್ರಯಿಸಲಿ. ಇದರಿಂದ ಮಕ್ಕಳಿಗೂ ಸಂಸ್ಕಾರವಾಗುತ್ತದೆ.

ಬರುವ ಅಷ್ಟಮಿಯಂದು ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಯರೂ ಸಂಜೆಯ ಪ್ರತಿಕ್ರಮಣಕಾಲದಲ್ಲಿ, ಏನನ್ನು ಉಣ್ಣಲಿಲ್ಲ ಎಂಬುದರೊಡನೆ ಯಾವ ಜೀವವನ್ನು ಕಾಣದೆ ಹೋದೆವು ಎಂಬುದನ್ನೂ ವಿಚಾರಿಸಿಕೊಳ್ಳಲಿ. ಆ ವಿಚಾರಣೆಯು ದಿನದಿನಕ್ಕೆ ಸೂಕ್ಷ್ಮವಾದಂತೆ ಬಹಿರಾತ್ಮನು ಅಂತರಾತ್ಮನಾಗುವ ದಾರಿ ತೆರೆಯುತ್ತದೆ.