ಮೈಬಣ್ಣ ಕಂದಿಸುವ ಬಿಳಿ ಪುಡಿ: ಸೂಜಿ ಎತ್ತಿಕೊಳ್ಳುವ ಮೊದಲು

ಹೆಬ್ಬೆರಳಿನ ಗಾತ್ರದ ಗಾಜಿನ ವಯಲ್. ಬಾಯಿಗೆ ರಬ್ಬರ್ ಬಿರಡೆ, ಅದರ ಸುತ್ತ ಬಿಗಿದ ಅಲ್ಯೂಮಿನಿಯಂ ಪಟ್ಟಿ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಲೇಬಲ್ ಮೇಲೆ ‘ಮೆಲನೊಟಾನ್ 2, 10 ಮಿಲಿಗ್ರಾಂ’ ಎಂದು ದಪ್ಪ ಅಕ್ಷರ. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ, ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇಂಥ ವಯಲ್‌ಗಳು ಆನ್‌ಲೈನ್ ಅಂಗಡಿಗಳಿಂದ, ಜಿಮ್‌ಗಳಿಂದ, ಕೆಲವು ಬ್ಯೂಟಿ ಪಾರ್ಲರ್‌ಗಳಿಂದ ಜನರ ಕೈಸೇರುತ್ತಿವೆ. ಈಗೀಗ ಮೂಗಿಗೆ ಬಿಡುವ ಸ್ಪ್ರೇ ರೂಪದಲ್ಲೂ ಬರುತ್ತಿದೆ. ಅಲ್ಲಿನ ಟ್ಯಾಬ್ಲಾಯ್ಡ್ ಪತ್ರಿಕೆಗಳು ಇದಕ್ಕಿಟ್ಟ ಹೆಸರು ‘ಬಾರ್ಬಿ ಡ್ರಗ್’.

ಬೆಳ್ಳಗಾಗುವ ಕ್ರೀಮಿಗೆ ಮುಗಿಬೀಳುವ ನಾಡಿನಲ್ಲಿ ಕಪ್ಪಾಗುವ ಚುಚ್ಚುಮದ್ದಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಇದು ಕನ್ನಡಿಗರ ಮನೆ ಹೊಕ್ಕಲು ಕನಿಷ್ಠ ಮೂರು ದಾರಿಗಳಿವೆ. ಮ್ಯಾಂಚೆಸ್ಟರ್‌ನಲ್ಲೋ ಸಿಡ್ನಿಯಲ್ಲೋ ಓದುವ ಮಕ್ಕಳ ಗೆಳೆಯರ ಬಳಗ ಒಂದು. ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಇನ್ನೊಂದು: ದೀಪದ ಬೆಳಕಿನಲ್ಲಿ ಸ್ನಾಯುವಿನ ಗೆರೆ ಎದ್ದು ಕಾಣಲೆಂದು ಮೈಗೆ ಗಾಢ ಬಣ್ಣ ಬಳಿದುಕೊಳ್ಳುವ ಹುಡುಗರಿಗೆ ‘ಒಳಗಿನಿಂದಲೇ ಬಣ್ಣ’ ಎಂಬ ಮಾತು ಬಲು ಆಕರ್ಷಕ. ಮೂರನೆಯದು ತೊನ್ನು. ಬಿಳಿ ಕಲೆಗೆ ಬಣ್ಣ ಬರಿಸುವ ಮದ್ದು ಹುಡುಕುತ್ತ ಮೊಬೈಲ್ ತಡಕುವವರಿಗೆ ‘ಮೆಲನಿನ್ ಹೆಚ್ಚಿಸುವ ಪೆಪ್ಟೈಡ್’ ಎಂಬ ಮೂರು ಪದಗಳೇ ಸಾಕು, ಆಸೆ ಚಿಗುರುತ್ತದೆ.

ಈ ಪುಡಿ ಪೂರ್ತಿ ಬುರುಡೆಯಾಗಿದ್ದರೆ ಬರೆಯುವುದು ಸುಲಭವಿತ್ತು. ಇದರ ಹಿಂದೆ ನಿಜವಾದ ವಿಜ್ಞಾನವಿದೆ, ಇದರ ಹತ್ತಿರದ ನೆಂಟ ನಿಜವಾದ ಔಷಧವೂ ಹೌದು. ಮಾರುವವರು ಆ ನೆಂಟನ ಹೆಸರಿನ ನೆರಳಿನಲ್ಲಿ ವ್ಯಾಪಾರ ಮಾಡುತ್ತಾರೆ.

ಹಿನ್ನೆಲೆ ಇಷ್ಟು

ಕಪ್ಪೆಯ ಚರ್ಮದ ತುಣುಕಿಗೆ ಆಲ್ಫಾ-ಎಂಎಸ್‌ಎಚ್ ಎಂಬ ಹಾರ್ಮೋನ್ ಬಿಟ್ಟರೆ ಅದು ನೋಡನೋಡುತ್ತ ಕಪ್ಪಾಗುತ್ತದೆ. 13 ಅಮೈನೋ ಆಮ್ಲಗಳ ಈ ಸರಪಳಿ (ಇಂಥ ಸರಪಳಿಗೇ ಪೆಪ್ಟೈಡ್ ಎನ್ನುವುದು) ಮನುಷ್ಯರಲ್ಲೂ ಇದೆ. ಚರ್ಮದ ಮೆಲನೊಸೈಟ್ ಕೋಶಗಳ ಮೇಲಿರುವ ಎಂಸಿ1 ಗ್ರಾಹಕಕ್ಕೆ ಇದು ಅಂಟಿಕೊಂಡಾಗ ಕೋಶವು ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಿಸತೊಡಗುತ್ತದೆ. ಬಿಸಿಲಿಗೆ ಮೈ ಕಂದುವುದು ಇದೇ ದಾರಿಯಲ್ಲಿ. ತೊಡಕೆಂದರೆ ಸಹಜ ಹಾರ್ಮೋನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನಿ ವಿಕ್ಟರ್ ಹ್ರೂಬಿ, ಜೀವವಿಜ್ಞಾನಿ ಮ್ಯಾಕ್ ಹ್ಯಾಡ್ಲಿ ಮತ್ತು ಸಂಗಡಿಗರು ಸರಪಳಿಯ ನಾಲ್ಕನೆಯ ಮತ್ತು ಏಳನೆಯ ಕೊಂಡಿಗಳನ್ನು ಬದಲಿಸಿ ನೋಡಿದರು. ಹೊಸ ಅಣು ಮೂಲಕ್ಕಿಂತ ಎಷ್ಟೋ ಪ್ರಬಲವಾಗಿತ್ತು, ಬಹಳ ಹೊತ್ತು ಕೆಲಸ ಮಾಡುತ್ತಿತ್ತು. 1980ರಲ್ಲಿ ಪ್ರಕಟವಾದ ಈ ಅಣುವೇ ಮೆಲನೊಟಾನ್ 1. ಬಿಸಿಲಿಗೆ ಸುಲಭವಾಗಿ ಸುಡುವ ಬಿಳಿಯರಿಗೆ ಮೊದಲೇ ಮೈ ಕಂದುವಂತೆ ಮಾಡಿದರೆ ಚರ್ಮದ ಕ್ಯಾನ್ಸರ್ ತಡೆಯಬಹುದೇ ಎಂಬುದು ಅವರ ಆಲೋಚನೆ. ಆಮೇಲೆ ಅದೇ ಗುಂಪು ಏಳು ಅಮೈನೋ ಆಮ್ಲಗಳ, ಉಂಗುರದಂತೆ ಮಡಿಚಿದ ಮತ್ತೊಂದು ಅಣು ಮಾಡಿತು. ಅದು ಮೆಲನೊಟಾನ್ 2. ಹ್ಯಾಡ್ಲಿ ಅದನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡರು. ಒಮ್ಮೆ ಡೋಸ್ ಎರಡು ಪಟ್ಟಾಗಿ ಹೋಗಿ, ಎಂಟು ಗಂಟೆ ಕಾಲ ಇಳಿಯದ ಶಿಶ್ನೋದ್ರೇಕ ಮತ್ತು ವಾಕರಿಕೆ ಅನುಭವಿಸಿದರು. ಕೇಳಿದವರು ನಗುತ್ತಾರೆ. ಮೂತ್ರರೋಗ ತಜ್ಞರು ನಗುವುದಿಲ್ಲ.

ಮೊದಲ ಹೆಜ್ಜೆ: ಹೆಸರನ್ನು ಪೂರ್ತಿ ಓದಿ

ಯಾರಾದರೂ ‘ಇದಕ್ಕೆ ಅಮೆರಿಕದಲ್ಲೇ ಒಪ್ಪಿಗೆ ಸಿಕ್ಕಿದೆ’ ಎಂದರೆ, ಯಾವುದಕ್ಕೆ ಎಂದು ಕೇಳಿ. ಮೂರು ಹೆಸರುಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ.

ಮೆಲನೊಟಾನ್ 1ಕ್ಕೆ ಔಷಧಲೋಕದ ಹೆಸರು ಅಫಮೆಲನೊಟೈಡ್. ಆಸ್ಟ್ರೇಲಿಯಾದ ಕ್ಲಿನುವೆಲ್ ಕಂಪನಿ ಇದನ್ನು ‘ಸೀನೆಸ್’ ಎಂಬ ಹೆಸರಿನಲ್ಲಿ ಮಾರುತ್ತದೆ. ಯುರೋಪಿನಲ್ಲಿ 2014ರಲ್ಲಿ, ಅಮೆರಿಕದಲ್ಲಿ 2019ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಎರಿಥ್ರೊಪೊಯೆಟಿಕ್ ಪ್ರೊಟೊಪಾರ್ಫಿರಿಯಾ, ಅಂದರೆ ಇಪಿಪಿ ಎಂಬ ಅಪರೂಪದ ಕಾಯಿಲೆಯ ವಯಸ್ಕರಿಗೆ ಮಾತ್ರ. ಇವರ ಮೈಯಲ್ಲಿ ಪ್ರೊಟೊಪಾರ್ಫಿರಿನ್ ಎಂಬ ವಸ್ತು ಶೇಖರವಾಗಿ, ಕೆಲವೇ ನಿಮಿಷದ ಬಿಸಿಲಿಗೂ ಚರ್ಮ ಬೆಂಕಿ ತಾಗಿದಂತೆ ಉರಿಯುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಇವರಿಗೆ ಪ್ರಯೋಜನವಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೇ ಇವರ ಶತ್ರು. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಔಷಧ ಪಡೆದವರು ಆರು ತಿಂಗಳಲ್ಲಿ ನೋವಿಲ್ಲದೆ ಬಿಸಿಲಲ್ಲಿ ಕಳೆದ ಮಧ್ಯಕ ಅವಧಿ 69.4 ಗಂಟೆ, ಹುಸಿಮದ್ದು ಪಡೆದವರದ್ದು 40.8. ನಮಗೆ ಈ ಅಂಕಿ ಪುಟ್ಟದಾಗಿ ಕಾಣಬಹುದು. ಹಗಲು ಹೊತ್ತು ಕಿಟಕಿ ಪರದೆ ಎಳೆದುಕೊಂಡೇ ಬದುಕುವವರಿಗೆ ಪುಟ್ಟದಲ್ಲ.

ಈ ಔಷಧ ಪುಡಿಯೂ ಅಲ್ಲ, ಸ್ಪ್ರೇಯೂ ಅಲ್ಲ. ಅಕ್ಕಿಕಾಳಿಗಿಂತ ಉದ್ದನೆಯ, ಸುಮಾರು 1.7 ಸೆಂಟಿಮೀಟರಿನ ಕಡ್ಡಿಯಂಥ ಇಂಪ್ಲಾಂಟ್. 16 ಮಿಲಿಗ್ರಾಂ ಔಷಧ ಅದರೊಳಗೆ. ತರಬೇತಾದ ವೈದ್ಯರು ಸೊಂಟದ ಮೂಳೆಯ ಮೇಲ್ಭಾಗದಲ್ಲಿ ಚರ್ಮದಡಿ ಇಡುತ್ತಾರೆ, ಎರಡು ತಿಂಗಳಿಗೊಮ್ಮೆ. ಪಡೆಯುವವರ ಮೈಯ ಮಚ್ಚೆಗಳನ್ನೆಲ್ಲ ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಬೇಕೆಂದೂ ಅಮೆರಿಕದ ಸೂಚನೆಯಲ್ಲಿದೆ.

ಬ್ರೆಮೆಲನೊಟೈಡ್ ಎರಡನೆಯದು. ಮೆಲನೊಟಾನ್ 2ರ ಸಂತತಿಯೇ ಆದ ಇದಕ್ಕೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಮುಟ್ಟು ನಿಲ್ಲುವ ಮುನ್ನಿನ ಮಹಿಳೆಯರ ಲೈಂಗಿಕ ಆಸಕ್ತಿಯ ಕೊರತೆಗೆ. ಮೈಬಣ್ಣಕ್ಕಲ್ಲ.

ಇನ್ನು ಮೂರನೆಯದು, ವಯಲ್‌ನಲ್ಲಿ ಬರುವ ಮೆಲನೊಟಾನ್ 2. ಇದಕ್ಕೆ ಅಮೆರಿಕ, ಯುರೋಪ್, ಬ್ರಿಟನ್, ಆಸ್ಟ್ರೇಲಿಯಾ, ಭಾರತ ಎಲ್ಲಿಯೂ ಔಷಧವಾಗಿ ಒಪ್ಪಿಗೆ ಇಲ್ಲ. ಅಮೆರಿಕದ ಎಫ್‌ಡಿಎ 2007ರಲ್ಲೇ ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿತು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ಎರಡನೆಯದು: ಲೇಬಲ್ ನಂಬಬೇಡಿ

ಇಂಟರ್ನೆಟ್‌ನಲ್ಲಿ ಅಕ್ರಮವಾಗಿ ಮಾರುವ ಮೆಲನೊಟಾನ್ 2 ವಯಲ್‌ಗಳನ್ನು ಪ್ರಯೋಗಾಲಯದಲ್ಲಿ ಒಡೆದು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಲೇಬಲ್ ಹೇಳಿದ್ದು 10 ಮಿಲಿಗ್ರಾಂ, ಒಳಗಿದ್ದದ್ದು 4.32ರಿಂದ 8.84 ಮಿಲಿಗ್ರಾಂವರೆಗೆ. ಜೊತೆಗೆ ಶೇ 4ರಿಂದ 6ರಷ್ಟು ಕಲ್ಮಷ. ಅಂದರೆ ಒಂದು ವಯಲ್‌ಗೆ ಒಗ್ಗಿಕೊಂಡವನು ಅದೇ ಲೆಕ್ಕದಲ್ಲಿ ಮುಂದಿನ ವಯಲ್ ಬಳಸಿದರೆ ಅರಿವಿಲ್ಲದೆ ಡೋಸ್ ದುಪ್ಪಟ್ಟಾದೀತು. ಹ್ಯಾಡ್ಲಿಗೆ ಆದದ್ದೂ ಅದೇ, ಆದರೆ ಅವರಿಗೆ ತಾವು ಏನು ಚುಚ್ಚಿಕೊಂಡೆವೆಂದು ಗೊತ್ತಿತ್ತು.

ಪುಡಿಗೆ ನೀರು ಬೆರೆಸುವವರು, ಅಳೆಯುವವರು, ಚುಚ್ಚುವವರು ಎಲ್ಲ ತಾವೇ. ಮನೆಯ ಮೇಜು ಆಪರೇಷನ್ ಥಿಯೇಟರ್ ಅಲ್ಲ. ಒಂದೇ ಸೂಜಿ ಇಬ್ಬರಿಗೆ ಬಳಕೆಯಾದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಅಪಾಯ ಬೇರೆ.

ಮೂರನೆಯದು: ‘ಬಿಸಿಲೇ ಬೇಡ’ ಎಂಬ ಮಾತನ್ನು ಪರೀಕ್ಷಿಸಿ

ಜಾಹೀರಾತಿನ ಮೊದಲ ಸಾಲು ‘ಬಿಸಿಲಿಲ್ಲದೆ ಬಣ್ಣ’. ಬಳಕೆಯ ಸೂಚನೆ ಕೇಳಿ ನೋಡಿ, ‘ಬಣ್ಣ ಏರಲು ಟ್ಯಾನಿಂಗ್ ಬೆಡ್‌ನಲ್ಲಿ ಸ್ವಲ್ಪ ಹೊತ್ತು ಮಲಗಿ’ ಎಂಬ ಉತ್ತರ ಸಾಮಾನ್ಯ. ಅತಿನೇರಳೆ ಕಿರಣ ಬೀರುವ ಈ ಮಂಚಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ನಾಲ್ಕನೆಯದು: ಚರ್ಮದ ಆಚೆಗೂ ಲೆಕ್ಕ ಹಾಕಿ

ಮೆಲನೊಟಾನ್ 2 ಚರ್ಮದ ಬೀಗವನ್ನಷ್ಟೇ ತೆರೆಯುವ ಕೀಲಿಯಲ್ಲ. ಹಸಿವು, ಲೈಂಗಿಕ ಉದ್ರೇಕಗಳನ್ನು ನಿಯಂತ್ರಿಸುವ ಮಿದುಳಿನ ಎಂಸಿ4 ಗ್ರಾಹಕವನ್ನೂ ಅದು ಕೆಣಕುತ್ತದೆ. ಆದ್ದರಿಂದಲೇ ಚುಚ್ಚಿಕೊಂಡ ಸ್ವಲ್ಪ ಹೊತ್ತಿನಲ್ಲಿ ವಾಕರಿಕೆ, ಮುಖಕ್ಕೆ ರಕ್ತ ನುಗ್ಗಿದಂತೆ ಬಿಸಿ, ಹಸಿವಿಲ್ಲದಿರುವುದು, ಕಾರಣವಿಲ್ಲದ ಆಕಳಿಕೆ, ಮೈ ಮುರಿಯುವಿಕೆ. ಇವು ಕಡಿಮೆಯಾಗುವಂಥವು. ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಗಂಭೀರ ಪ್ರಕರಣಗಳು ಬೇರೆ: ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಪೆಟ್ಟು, ಗಂಟೆಗಟ್ಟಲೆ ಇಳಿಯದ ಉದ್ರೇಕ, ಒಮ್ಮೆಲೇ ಮೈತುಂಬ ಹೊಸ ಮಚ್ಚೆಗಳು, ಹಳೆಯ ಮಚ್ಚೆಗಳು ಕಪ್ಪಿಟ್ಟು ಆಕಾರ ಬದಲಿಸಿದ್ದು.

ಬಳಕೆದಾರರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕಂಡ ವರದಿಗಳೂ ಇವೆ. ಪುಡಿಯೇ ಕ್ಯಾನ್ಸರ್ ತಂದಿತೆಂದು ಅವು ಸಾಬೀತು ಮಾಡುವುದಿಲ್ಲ. ಇಂಥವರಲ್ಲಿ ಅನೇಕರು ಬಿಸಿಲಿಗೂ ಟ್ಯಾನಿಂಗ್ ಬೆಡ್‌ಗೂ ಮೈಯೊಡ್ಡಿದವರೇ. ಆದರೆ ಮಚ್ಚೆಗಳೆಲ್ಲ ಒಟ್ಟಿಗೆ ಕಪ್ಪಾದಾಗ ಅವುಗಳ ನಡುವೆ ಕೆಟ್ಟ ಮಚ್ಚೆಯೊಂದು ಅಡಗಿ ಕೂತರೆ ಚರ್ಮವೈದ್ಯರಿಗೂ ಗುರುತಿಸುವುದು ಕಷ್ಟ.

ಐದನೆಯದು: ಈಗಾಗಲೇ ಬಳಸಿದ್ದರೆ

ಮೊದಲು ನಿಲ್ಲಿಸಿ. ನಿಧಾನವಾಗಿ ಕಡಿಮೆ ಮಾಡುವ ಕಟ್ಟಳೆಯೇನೂ ಇಲ್ಲ. ವಯಲ್ ಎಸೆಯಬೇಡಿ, ಲೇಬಲ್ ಫೋಟೊ ತೆಗೆದಿಟ್ಟುಕೊಂಡು ವಯಲ್ ಸಮೇತ ವೈದ್ಯರ ಬಳಿ ಹೋಗಿ, ಯಾವಾಗ, ಎಷ್ಟು ಬಾರಿ ಎಂಬುದನ್ನು ಮುಚ್ಚಿಡದೆ ಹೇಳಿ.

ತುರ್ತು ಚಿಕಿತ್ಸೆಗೆ ಓಡಬೇಕಾದ ಲಕ್ಷಣಗಳು ಇವು: ನಾಲ್ಕು ಗಂಟೆ ಕಳೆದರೂ ಇಳಿಯದ ಶಿಶ್ನೋದ್ರೇಕ, ತೀವ್ರ ಸ್ನಾಯುನೋವಿನ ಜೊತೆ ಕೋಲಾ ಬಣ್ಣದ ಮೂತ್ರ, ಎದೆನೋವು, ತಡೆಯಲಾಗದ ತಲೆನೋವು, ದೃಷ್ಟಿ ಮಂಜಾಗುವುದು, ಫಿಟ್ಸ್. ಮೊದಲನೆಯದಕ್ಕೆ ನಾಚಿಕೊಂಡು ಬೆಳಗಿನವರೆಗೆ ಕಾದರೆ ಶಾಶ್ವತ ಹಾನಿಯಾಗಬಹುದು.

ಆಮೇಲೆ ಮಚ್ಚೆಗಳ ಪರೀಕ್ಷೆ. ಹಗಲು ಬೆಳಕಿನಲ್ಲಿ ಮನೆಯವರೊಬ್ಬರ ನೆರವಿನಿಂದ ಬೆನ್ನು, ತೊಡೆಯ ಹಿಂಭಾಗ, ನೆತ್ತಿ ಎಲ್ಲ ಕಡೆ ನೋಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಎರಡು ಅರ್ಧ ಒಂದೇ ಥರ ಇಲ್ಲದ, ಅಂಚು ಕಚ್ಚುಕಚ್ಚಾದ, ಎರಡು ಮೂರು ಬಣ್ಣ ಬೆರೆತ, 6 ಮಿಲಿಮೀಟರಿಗಿಂತ ಅಗಲವಾದ, ಮುಖ್ಯವಾಗಿ ಬದಲಾಗುತ್ತಿರುವ ಮಚ್ಚೆಯನ್ನು ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ. ಅವರು ಡರ್ಮೊಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿ ಇಟ್ಟು ನೋಡುತ್ತಾರೆ. ನಮ್ಮಂಥ ಕಂದು ಮೈಯವರಲ್ಲಿ ಮೆಲನೋಮ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ಕಾಲು ಎತ್ತಿ ಅಂಗಾಲನ್ನೂ ನೋಡುವುದು ಮರೆಯಬೇಡಿ. ಸೂಜಿ ಹಂಚಿಕೊಂಡಿದ್ದರೆ ರಕ್ತಪರೀಕ್ಷೆ ಕಡ್ಡಾಯ.

ತೊನ್ನು ಇರುವವರಿಗೆ

ಅಫಮೆಲನೊಟೈಡ್ ಅನ್ನು ತೊನ್ನಿಗೂ ಪ್ರಯೋಗಿಸಲಾಗಿದೆ, ಆದರೆ ಒಂಟಿಯಾಗಿ ಅಲ್ಲ, ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆಯ ಜೊತೆ. 55 ಮಂದಿಯ ಅಮೆರಿಕದ ಪ್ರಯೋಗವೊಂದರಲ್ಲಿ ಜೋಡಿ ಚಿಕಿತ್ಸೆಯವರಿಗೆ ಸುಮಾರು ಶೇ 49ರಷ್ಟು, ಬೆಳಕು ಮಾತ್ರ ಪಡೆದವರಿಗೆ ಸುಮಾರು ಶೇ 33ರಷ್ಟು ಬಣ್ಣ ಮರಳಿತು. ಕಂದು ಮೈಯವರಲ್ಲಿ ಫಲ ಇನ್ನೂ ಚೆನ್ನಾಗಿತ್ತು. ಆದರೆ ಕಲೆಯ ಸುತ್ತಲಿನ ಚರ್ಮವೂ ಕಪ್ಪಾಯಿತು. ಬಿಳಿ ಕಲೆ ಎದ್ದು ಕಾಣುವುದೇ ನೋವಾಗಿರುವವರಿಗೆ ಇದು ಸಣ್ಣ ಸಂಗತಿಯಲ್ಲ. ಔಷಧ ಇನ್ನೂ ತೊನ್ನಿಗೆ ಒಪ್ಪಿತವಾಗಿಲ್ಲ. ಆ ಪ್ರಯೋಗದ ಫಲವನ್ನು ತೋರಿಸಿ ಮೆಲನೊಟಾನ್ 2 ಮಾರುವುದು ಶುದ್ಧ ಮೋಸ.

ಕೈಯಳತೆಯಲ್ಲಿರುವುದು ಬೇರೆ: ಲೇಪನ, ಬೆಳಕಿನ ಚಿಕಿತ್ಸೆ, ರೋಗ ಹರಡದೆ ನಿಂತವರಿಗೆ ಚರ್ಮ ಕಸಿ. ಮೊದಲೆರಡರ ಸೌಲಭ್ಯ ರಾಜ್ಯದ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ವಿಚಾರಿಸಿ. ತಿಂಗಳುಗಟ್ಟಲೆ ತಾಳ್ಮೆ ಬೇಕು. ‘ತೊನ್ನು ಗುಣಪಡಿಸುತ್ತೇವೆ’ ಎಂದು ಜಾಹೀರಾತು ಕೊಡುವುದೇ ನಮ್ಮಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ನಿಷಿದ್ಧ. ಅಂಥ ಜಾಹೀರಾತು ಕಂಡ ಕೂಡಲೇ ಮಾರುವವರ ಯೋಗ್ಯತೆ ತಿಳಿಯಬೇಕು.

ವೇದಿಕೆಗೆ ಬಣ್ಣ ಬೇಕೇಬೇಕೆಂದರೆ

ಡೈಹೈಡ್ರಾಕ್ಸಿ ಅಸಿಟೋನ್ ಇರುವ ಲೇಪನ ಸಾಕು. ಇದೊಂದು ಸಕ್ಕರೆ, ಚರ್ಮದ ಮೇಲ್ಪದರದ ಸತ್ತ ಕೋಶಗಳ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಾಗುವುದೂ ಇದೇ ಜಾತಿಯ ರಾಸಾಯನಿಕ ಕ್ರಿಯೆಯಿಂದ. ಹಿಂದಿನ ದಿನ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಅಲರ್ಜಿ ನೋಡಿ. ಮೈ ಉಜ್ಜಿ ಸ್ನಾನ ಮಾಡಿ, ಪೂರ್ತಿ ಒಣಗಿಸಿ, ಮೊಣಕೈ, ಮಂಡಿ, ಹಿಮ್ಮಡಿಗೆ ತೆಳುವಾಗಿ ಹಚ್ಚಿ. ಅಲ್ಲಿ ಚರ್ಮ ದಪ್ಪಗಿದ್ದು ಬಣ್ಣ ಹೆಚ್ಚು ಹಿಡಿಯುತ್ತದೆ. ಮುಗಿದೊಡನೆ ಅಂಗೈ ಸೋಪಿನಿಂದ ತೊಳೆಯಿರಿ. ಸ್ಪ್ರೇ ಆದರೆ ಕಣ್ಣು, ತುಟಿ, ಮೂಗು ಮುಚ್ಚಿಕೊಳ್ಳಿ. ಬಣ್ಣ ಒಂದು ವಾರದಲ್ಲಿ ಚರ್ಮದ ಜೊತೆಗೇ ಉದುರುತ್ತದೆ. ಬಿಸಿಲಿನಿಂದ ಇದು ಕಾಪಾಡುವುದಿಲ್ಲ, ಸನ್‌ಸ್ಕ್ರೀನ್ ಬೇರೆ ಹಚ್ಚಲೇಬೇಕು.

ಮೆಲನೊಟಾನ್ ಬಳಸಿ ತೊಂದರೆಯಾಗಿದ್ದರೆ ಭಾರತದಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಕರೆ ಮಾಡಿ. ಬ್ರಿಟನ್‌ನಲ್ಲಿರುವವರು ಯೆಲ್ಲೋ ಕಾರ್ಡ್ ವ್ಯವಸ್ಥೆಯಲ್ಲಿ ವರದಿ ಮಾಡಬಹುದು; ಅದಕ್ಕೆ ವೈದ್ಯರೇ ಆಗಬೇಕೆಂದಿಲ್ಲ, ಬಳಸಿದವರು ಅಥವಾ ಮನೆಯವರು ಬರೆದರೂ ಸಾಕು.