ನಮ್ಮ ಊರಿನ ನೀರೂ ಕಡಲತೀರದ ಕಾಂಡ್ಲಾವನವೂ



ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ ವಾಸಿಸುವ ನಮಗೆ ಕಡಲು ಬಹುದೂರದ ವಸ್ತುವೆಂದು ತೋರುವುದು ಸಹಜ. ಆದರೆ ನಮ್ಮ ಬೀದಿಯ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದರೆ ಆ ಭಾವನೆಯು ಉಳಿಯಲಾರದು.

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವುದೆಂದು ಪ್ರತೀತಿಯುಳ್ಳ ವೃಷಭಾವತಿಯು ಅರ್ಕಾವತಿಯನ್ನೂ, ಅರ್ಕಾವತಿಯು ಕಾವೇರಿಯನ್ನೂ ಸೇರುತ್ತದೆ. ಬಿ.ಟಿ.ಎಂ. ಬಡಾವಣೆಯ ಮಡಿವಾಳ ಕೆರೆಯ ಕೋಡಿನೀರು ರಾಜಕಾಲುವೆಗಳಲ್ಲಿ ಹರಿದು, ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಈ ಪಿನಾಕಿನಿಯು ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುವುದು. ಅಲ್ಲಿಂದ ದಕ್ಷಿಣಕ್ಕೆ, ಕಾವೇರಿಯ ಕವಲಾದ ಕೊಳ್ಳಿಡವು ಕಡಲನ್ನು ಸೇರುವುದು. ನಡುವೆ ಅಣೆಕಟ್ಟುಗಳು ತಡೆದರೂ, ನಮ್ಮ ನೀರಿನ ಎರಡು ದಾರಿಗಳೂ ಕೊನೆಗೆ ಒಂದೇ ತೀರದ ಕಡೆಗೆ ತಿರುಗಿರುವುದು ವಿಚಿತ್ರವಲ್ಲವೇ!

ಆ ತೀರದಲ್ಲಿ, ಚಿದಂಬರದ ಸಮೀಪದಲ್ಲಿ, ಪಿಚಾವರಂ ಎಂಬ ಕಾಡುಂಟು. ಅಲ್ಲಿಯ ಮರಗಳನ್ನು ನಮ್ಮ ಕನ್ನಡ ಕರಾವಳಿಯವರು ಕಾಂಡ್ಲಾ ಎಂದು ಕರೆಯುತ್ತಾರೆ. ಇವು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವುವು. ಕೆಲವು ಜಾತಿಗಳು ಊರುಗೋಲಿನಂತಹ ಬೇರುಗಳನ್ನು ಇಳಿಬಿಡುವುವು; ಕೆಲವು ಉಸಿರಾಟಕ್ಕಾಗಿ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುವುವು. ಈ ಬೇರುಗಳ ಸಂದಿಯಲ್ಲಿ ಮೀನು ಸೀಗಡಿಗಳ ಮರಿಗಳು ಆಶ್ರಯ ಪಡೆಯುವುವು.

ಇವುಗಳ ಉಪಕಾರಗಳಲ್ಲಿ ಎರಡನ್ನು ಮುಖ್ಯವಾಗಿ ತಿಳಿಯತಕ್ಕದ್ದು. ಮೊದಲನೆಯದು, ಇಂಗಾಲದ ಸಂಗ್ರಹ. ಮರವು ಗಾಳಿಯಿಂದ ಹೀರಿದ ಇಂಗಾಲವು ಎಲೆಯಾಗಿ, ಬೇರಾಗಿ ಕೆಸರನ್ನು ಸೇರುತ್ತದೆ. ಆ ಕೆಸರಿನಲ್ಲಿ ಆಮ್ಲಜನಕವು ಬಹಳ ಕಡಿಮೆಯಾದುದರಿಂದ ಅದು ಬೇಗನೆ ಕೊಳೆಯದೆ ಶತಮಾನಗಳವರೆಗೂ ಉಳಿಯಬಲ್ಲುದು. ಇದಕ್ಕೆ ವಿಜ್ಞಾನಿಗಳು ನೀಲಿ ಇಂಗಾಲವೆಂದು ಹೆಸರಿಟ್ಟಿದ್ದಾರೆ. ಕಾಡನ್ನು ಕಡಿದು ಕೆಸರನ್ನು ಕೆದಕಿದರೆ, ಕೂಡಿಟ್ಟ ಇಂಗಾಲವು ಮರಳಿ ಗಾಳಿಯನ್ನು ಸೇರಿ ಭೂಮಿಯ ತಾಪವನ್ನು ಹೆಚ್ಚಿಸುವುದು.

ಎರಡನೆಯದು, ರಕ್ಷಣೆ. 2004ನೆಯ ಡಿಸೆಂಬರ್ 26ರಂದು ಸುನಾಮಿಯು ಕಡಲೂರು ಜಿಲ್ಲೆಯ ಮೇಲೆ ಎರಗಿತು. ಮರಗಳ ಮರೆಯಲ್ಲಿದ್ದ ಹಳ್ಳಿಗಳಿಗೆ ಬಯಲಿನ ಹಳ್ಳಿಗಳಿಗಿಂತ ಕಡಿಮೆ ಹಾನಿಯಾಯಿತೆಂದು 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಮರವು ಅಲೆಯನ್ನು ಪೂರ್ತಿಯಾಗಿ ತಡೆಯಲಾರದು; ಆದರೆ ಅದರ ಬಲವನ್ನು ಕುಗ್ಗಿಸಬಲ್ಲುದು.

ಇಂತಹ ಕಾಡೂ ಒಮ್ಮೆ ಕ್ಷೀಣಿಸಿತ್ತು. ಹಿಂದೆ ಮರಗಳನ್ನು ಒಟ್ಟಾಗಿ ಕಡಿದ ಸ್ಥಳಗಳಲ್ಲಿ ನೆಲವು ಬಿಸಿಲಿಗೆ ಒಣಗಿ ತಗ್ಗಾಯಿತು, ಅಲ್ಲಿ ನಿಂತ ಉಬ್ಬರದ ನೀರು ಆವಿಯಾಗಿ ಉಪ್ಪು ಮಿತಿಮೀರಿತು, ಸಸಿಗಳು ಬದುಕದಾದುವು. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವೂ ಅರಣ್ಯ ಇಲಾಖೆಯೂ ಹಳ್ಳಿಗರೊಡನೆ ಸೇರಿ, ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆಗಳನ್ನು ತೋಡಿದರು. ಉಬ್ಬರವಿಳಿತದ ನೀರು ಪುನಃ ಬಂದುಹೋಗತೊಡಗಿ, ಉಪ್ಪು ತಗ್ಗಿ, ನೆಟ್ಟ ಗಿಡಗಳು ಚಿಗುರಿದುವು. ಇದರಿಂದ ನಾವು ಕಲಿಯತಕ್ಕ ಪಾಠವೇನು? ಗಿಡ ನೆಡುವುದಕ್ಕೆ ಮುಂಚೆ ನೀರಿನ ದಾರಿಯನ್ನು ಸರಿಪಡಿಸಬೇಕು.

ನಮ್ಮ ರಾಜ್ಯದಲ್ಲಿಯೂ ಕುಂದಾಪುರ, ಹೊನ್ನಾವರ, ಕುಮಟೆಗಳ ಅಳಿವೆಗಳಲ್ಲಿ ಕಾಂಡ್ಲಾ ಗಿಡಗಳುಂಟು. ಕುಮಟೆಯ ಬಳಿಯ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯನ್ನು ಸೇರಿತು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆಯುವರು. ಅಳಿವೆಯ ಮೀನು ಚಿಪ್ಪುಗಳಿಂದ ಅನೇಕ ಬಡ ಕುಟುಂಬಗಳ ಜೀವನವು ಸಾಗುವುದು.

ಮನುಷ್ಯನು ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಇಡಲ್ಪಟ್ಟನೆಂದು ಸತ್ಯವೇದವು ಬೋಧಿಸುತ್ತದೆ. ಆ ತೋಟದ ಬೇಲಿಯು ನಮ್ಮ ಮನೆಯ ಹಿತ್ತಿಲಲ್ಲಿಯೇ ಮುಗಿಯುವುದಿಲ್ಲ. ಬೆಳ್ಳಂದೂರು ಕೆರೆಯ ಮೇಲೆದ್ದ ನೊರೆಯನ್ನು ನಮ್ಮ ನಗರವು ಕಂಡಿದೆ. ನಮ್ಮ ಬಚ್ಚಲುಗಳ ಸಾಬೂನಿನ ನೀರೂ ಅದಕ್ಕೆ ಒಂದು ಕಾರಣವಾಗಿತ್ತು. ಆದುದರಿಂದ ಪ್ಲಾಸ್ಟಿಕ್ ಚೀಲವನ್ನೋ ಕರಿದ ಎಣ್ಣೆಯನ್ನೋ ಚರಂಡಿಗೆ ಹಾಕಲು ಕೈಯೆತ್ತುವಾಗ, ಕೆಳಗಿನ ದೇಶದಲ್ಲಿ ಬಲೆ ಬೀಸುತ್ತಿರುವ ಬೆಸ್ತರ ಮನೆಯವರನ್ನು ನೆನೆಯೋಣ. ಕಾಣದ ನೆರೆಯವರೂ ನೆರೆಯವರೇ.