ಡಿಗ್ರಿ ಮುಗಿಸಿದ ಮಕ್ಕಳು ಸೌಟು ಹಿಡಿಯುತ್ತೇವೆ ಎಂದರೆ

ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಮಗನೋ ಮಗಳೋ "ನಾನು ಶೆಫ್ ಆಗ್ತೀನಿ" ಅಂದರೆ ಮನೆಯಲ್ಲಿ ಏಳುವ ಮೊದಲ ಮಾತು, "ಇದಕ್ಕಾ ಇಷ್ಟು ವರ್ಷ ಫೀಸು ಕಟ್ಟಿದ್ದು?" ಮಾತಿನ ಹಿಂದೆ ಇರುವುದು ಕಾಳಜಿಯೇ. ಆದರೆ ಇದಕ್ಕೆ ಮಕ್ಕಳ ಬಳಿ ಉತ್ತರವಿರುವುದಿಲ್ಲ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಈ ಆಸೆ ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಸೀಟು ಆರಿಸಿದ್ದು ಹೆಚ್ಚಾಗಿ ರ‍್ಯಾಂಕು, ಒಲವಲ್ಲ. ಮುಂದೆ ರೂಮಿನಲ್ಲಿ ಗೆಳೆಯರಿಗೆ ಸಾರು ಮಾಡಿ ಬಡಿಸಿದಾಗ, ದುಡಿದ ಫಲ ಅರ್ಧ ಗಂಟೆಯಲ್ಲಿ ಕಣ್ಣೆದುರು ಕಾಣುವ ಖುಷಿ ಸಿಕ್ಕಿರುತ್ತದೆ. ಕೆಲವರಲ್ಲಿ ಇದು ನಿಜವಾದ ಸೆಳೆತ. ಇನ್ನು ಕೆಲವರಲ್ಲಿ ಓದಿದ ವಿಷಯದ ಮೇಲಿನ ಬೇಸರವೇ ಅಡುಗೆಯ ವೇಷ ತೊಟ್ಟಿರುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ.

ಹೆತ್ತವರಾಗಿ ನಿಮ್ಮ ಅಂಜಿಕೆಗೂ ಕಾರಣಗಳಿವೆ. ಒಂದು ಸಂಬಳ, ಇನ್ನೊಂದು 'ಅಡುಗೆ ಭಟ್ಟ' ಎನ್ನುವ ಮಾತು. ಎರಡನೆಯದು ನಾವು ಬಿಡಬೇಕಾದದ್ದು. ಮೊದಲನೆಯದು ಮಕ್ಕಳು ತಿಳಿಯಬೇಕಾದದ್ದು. ಹೆಸರಾಗಲಿ ಹಣವಾಗಲಿ ಬೇಗ ಬರುವುದಿಲ್ಲ: ಟೀವಿಯಲ್ಲಿ ಕಾಣುವ ಶೆಫ್ ವಿಕಾಸ್ ಖನ್ನಾ ಮಣಿಪಾಲದಲ್ಲಿ ಹೋಟೆಲ್ ಪದವಿ ಮುಗಿಸಿದ್ದು 1990ರ ದಶಕದ ಮೊದಲರ್ಧದಲ್ಲಿ. ಅವರು ಮುಖ್ಯ ಶೆಫ್ ಆಗಿದ್ದ ನ್ಯೂಯಾರ್ಕಿನ ರೆಸ್ಟೋರೆಂಟ್‌ 'ಜುನೂನ್'ಗೆ ಮಿಶೆಲಿನ್ ನಕ್ಷತ್ರ, ಅಂದರೆ ಹೋಟೆಲ್ ಲೋಕದ ದೊಡ್ಡ ಮನ್ನಣೆ, ಸಿಕ್ಕಿದ್ದು 2011ರಲ್ಲಿ. ನಡುವಿನ ಅಷ್ಟೂ ವರ್ಷ ಪರದೆಯ ಮೇಲೆ ಕಾಣುವುದಿಲ್ಲ.

ದೊಡ್ಡ ಅಡುಗೆಮನೆಯಲ್ಲಿ ಹೊಸಬರ ಹುದ್ದೆಗೆ 'ಕಾಮಿ' ಎನ್ನುತ್ತಾರೆ. ಹುದ್ದೆಗಳ ಮೆಟ್ಟಿಲಲ್ಲಿ ಎಲ್ಲರಿಗಿಂತ ಕೆಳಗಿನ ಸಹಾಯಕ. ಅವರ ದಿನದ ಬಹುಪಾಲು 'ಮೀಸ್ ಆನ್ ಪ್ಲಾಸ್', ಎಂದರೆ ಒಲೆ ಹಚ್ಚುವ ಮೊದಲೇ ಎಲ್ಲ ಹೆಚ್ಚಿ, ಅಳೆದು, ಜೋಡಿಸಿಡುವುದು. ಮೂಟೆಗಟ್ಟಲೆ ಈರುಳ್ಳಿಯನ್ನು ಒಂದೇ ಅಳತೆಗೆ ಹೆಚ್ಚಬೇಕು. ಮೊದಲ ಹೋಳಿಗೂ ಕೊನೆಯದಕ್ಕೂ ವ್ಯತ್ಯಾಸ ಕಂಡರೆ ಪಾತ್ರೆ ವಾಪಸ್. ದಿನವಿಡೀ ನಿಂತೇ ಕೆಲಸ, ಮುಂಗೈ ಮೇಲೆ ಸುಟ್ಟ ಗೆರೆಗಳು, ಎಲ್ಲರ ರಜಾದಿನಗಳಂದೇ ಹೆಚ್ಚು ಗಿರಾಕಿ. ಮನೆಯಲ್ಲಿ ಅಡುಗೆ ಮಾಡುವ ಖುಷಿ ಇಲ್ಲಿಯೂ ಉಳಿಯುತ್ತದೆಯೇ ಎಂಬುದು ಇಲ್ಲಿಯೇ ತಿಳಿಯಬೇಕು.

ಹಾಗಾಗಿ ಖಡಾಖಂಡಿತವಾಗಿ ಬೇಡ ಎನ್ನುವುದೂ, ಸಾಲ ಮಾಡಿ ವಿದೇಶದ ಕೋರ್ಸಿಗೆ ಕಳಿಸುವುದೂ ಒಂದೇ ತಪ್ಪಿನ ಎರಡು ಮುಖ; ಎರಡರಲ್ಲೂ ಪರೀಕ್ಷೆ ಇಲ್ಲ. ಮೂರು ತಿಂಗಳು ಊರಿನ ಯಾವುದಾದರೂ ಗದ್ದಲದ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯಲಿ. ಪರಿಚಯದವರ ಹೋಟೆಲಾದರೆ ರಿಯಾಯಿತಿ ಬೇಡವೆಂದು ಮೊದಲೇ ಹೇಳಿಬಿಡಿ.

ಒಲವು ಉಳಿದರೆ ದಾರಿಗಳಿವೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಕೇಂದ್ರ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ಒಲೆಗಿಂತ ಆಹಾರದ ವಿಜ್ಞಾನ ಸೆಳೆದರೆ, ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪದವೀಧರರಿಗೆ ಎಂಎಸ್ಸಿ ಕಲಿಸುತ್ತದೆ. ಓದಿದ್ದೂ ವ್ಯರ್ಥವಲ್ಲ: ಒಂದು ತಟ್ಟೆಗೆ ತಗಲುವ ಸಾಮಗ್ರಿಯ ಖರ್ಚು ಅದರ ಬೆಲೆಯ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳುವುದು ಈ ಉದ್ಯಮದ ರೂಢಿ. ಆ ಲೆಕ್ಕ ಬಿಕಾಂ ಓದಿದವರಿಗೆ ಸಲೀಸು.

ಮೂರು ತಿಂಗಳಾದ ಮೇಲೆ, ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದವರು ಏನು ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳಿ. ಕಾಲುನೋವಿನ ಜೊತೆಗೆ, ಇವತ್ತು ಗ್ರೇವಿ ಯಾಕೆ ಒಡೆಯಿತು ಎಂಬುದನ್ನೂ ಬಿಡಿಸಿ ಹೇಳುತ್ತಿದ್ದರೆ ಕೋರ್ಸಿನ ಅರ್ಜಿ ತರಿಸಿ. ಬರೀ ಕಾಲುನೋವನ್ನೇ ಹೇಳಿದರೆ, ಕಳೆದದ್ದು ಮೂರು ತಿಂಗಳು ಮಾತ್ರ.